ಹೊಳೆದಂಡೆ ಬಳಗದ ನಾಣ್ಯ

ಮೊನ್ನೆ ನಮ್ಮ ಬೀದಿ ಮೂಲೆಯ ಡೈರಿಗೆ ಹಾಲು ತರಲು ಹೋದವಳ ಕೈಗೆ ಹೊಸ ರಾಜ ಬಂದ. ಡೈರಿ ಎಂದರೆ ಇಲ್ಲಿ, ನ್ಯೂಜಿಲೆಂಡಿನಲ್ಲಿ, ಹಸು ಕಟ್ಟುವ ಜಾಗವಲ್ಲ. ಹಾಲು, ಬ್ರೆಡ್ಡು, ಮಕ್ಕಳ ಐಸ್‌ಕ್ರೀಮು, ಲಾಟರಿ ಚೀಟಿ ಎಲ್ಲವನ್ನೂ ಮಾರುವ ಚಿಕ್ಕ ಅಂಗಡಿ. ಆಕ್ಲೆಂಡಿನ ನಮ್ಮ ಫ್ಲ್ಯಾಟ್ ಬುಷ್‌ನಲ್ಲಿ ಈಗ ನಾಣ್ಯ ಹಿಡಿದು ಓಡಾಡುವವರು ನನ್ನಂಥ ಹಳಬರು ಮಾತ್ರ. ಉಳಿದವರೆಲ್ಲ ಫೋನನ್ನು ಯಂತ್ರಕ್ಕೆ ಮುಟ್ಟಿಸಿ, ಅದು ಕುಯ್ಯೆಂದ ಕೂಡಲೇ ಹೊರಟುಬಿಡುತ್ತಾರೆ. ಅಂಗಡಿಯವನು ಕೊಟ್ಟ ಚಿಲ್ಲರೆಯಲ್ಲಿ ತಾಮ್ರದ ಬಣ್ಣದ ಹತ್ತು ಸೆಂಟಿನ ನಾಣ್ಯವೊಂದು ವಿಪರೀತ ಹೊಳೆಯುತ್ತಿತ್ತು. ತಿರುಗಿಸಿ ನೋಡಿದರೆ ಇಲ್ಲಿನ ನಾಣ್ಯಗಳ ಮೇಲಿರುತ್ತಿದ್ದ ಇಂಗ್ಲೆಂಡಿನ ರಾಣಿ ಇಲ್ಲ, ಅವಳ ಮಗ. ರಾಣಿ ಇಷ್ಟು ವರ್ಷ ಬಲಕ್ಕೆ ಮುಖ ಮಾಡಿದ್ದಳು, ಮಗ ಎಡಕ್ಕೆ ತಿರುಗಿ ಕುಳಿತಿದ್ದಾನೆ. ರಾಣಿ ಹೋದ ಸುದ್ದಿಯನ್ನು ಟಿವಿಯಲ್ಲಿ ನೋಡಿ ಎಷ್ಟೋ ಕಾಲವಾಗಿದ್ದರೂ ನನ್ನ ಮಟ್ಟಿಗೆ ಅವಳು ಸತ್ತದ್ದು ಅವತ್ತು, ಡೈರಿಯ ಗಲ್ಲಾಪೆಟ್ಟಿಗೆಯ ಮುಂದೆ.

ನೀವೂ ಗಮನಿಸಿರಬಹುದು, ನಮ್ಮ ಬಾಲ್ಯದ ನಾಣ್ಯಗಳಲ್ಲಿ ಸಿಂಹಗಳಿರುತ್ತಿದ್ದವು. ಸಿಂಹಗಳಿಗೆ ವಯಸ್ಸಾಗುವುದಿಲ್ಲ, ಅವು ಪಟ್ಟ ಬಿಟ್ಟುಕೊಡುವುದೂ ಇಲ್ಲ. ಹಾಗಾಗಿ ನಾಣ್ಯವೆಂದರೆ ಅದೊಂದು ಸುದ್ದಿಪತ್ರಿಕೆ ಎಂಬುದು ಮೈಸೂರಿನಲ್ಲಿದ್ದಷ್ಟು ಕಾಲ ನನಗೆ ಹೊಳೆದಿರಲೇ ಇಲ್ಲ. ಅದನ್ನು ಹೇಳಿಕೊಟ್ಟವರು ಲೋವರ್ ಹಟ್‌ನ ನಂಜುಂಡ ಅಂಕಲ್. ಮನೆಗೆ ನಡೆದು ಬರುವಾಗ ಬೆರಳಿಗೆ ಅಂಟಿದ ನಾಣ್ಯದ ವಾಸನೆಯನ್ನು ಮೂಸಿದೆ. ಆ ಹುಳಿಹುಳಿ ಲೋಹದ ವಾಸನೆಗೆ ಸ್ವಲ್ಪ ಕುಂಕುಮ ಬೆರೆಸಿದರೆ, ಅದೇ ಅವರ ಮನೆಯ ನಡುಮನೆ.

ಮದುವೆಯಾದ ಹೊಸತರಲ್ಲಿ ನಾವು ಬಂದಿಳಿದದ್ದು ಇದೇ ದೇಶದ ಲೋವರ್ ಹಟ್‌ಗೆ, ಗುಡ್ಡಗಳ ನಡುವೆ ಹೊಳೆ ಹರಿಯುವ ಊರಿಗೆ. ನನ್ನ ಗಂಡನಿಗೆ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಕೆಲಸ. ನಾನು ಮೈಸೂರಿನಲ್ಲಿ ಶಾಲೆಯ ಮಕ್ಕಳಿಗೆ ಚಿತ್ರ ಬರೆಯುವುದನ್ನು ಕಲಿಸುತ್ತಿದ್ದವಳು. ಇಲ್ಲಿ ಮನೆಯಲ್ಲಿ ಕೂತು ಗುಡ್ಡಗಳ ಮೇಲೆ ಮೋಡ ಹತ್ತಿ ಇಳಿಯುವುದನ್ನು ನೋಡುತ್ತಿದ್ದೆ. ಎರಡು ಬೀದಿ ಆಚೆಗಿದ್ದವರು ನಂಜುಂಡ ಅಂಕಲ್ ಮತ್ತು ಸರೋಜ ಆಂಟಿ. ಅಂಕಲ್ ನಮ್ಮ ಮೈಸೂರಿನ ಕಡೆಯವರೇ, ಹಳೆಯ ಕಟ್ಟಡಗಳು ಭೂಕಂಪಕ್ಕೆ ಬೀಳದಂತೆ ಗಟ್ಟಿ ಮಾಡುವ ಎಂಜಿನಿಯರು. ಕಟ್ಟಡ ಗಟ್ಟಿ ಮಾಡಿ ಮಾಡಿಯೋ ಏನೋ, ಅವರ ಕುತ್ತಿಗೆಯೂ ಕಂಬದ ಹಾಗೆ ದಪ್ಪ. ಆಂಟಿ ಧಾರವಾಡದವರು. ಮದುವೆಯಾಗಿ ಅಷ್ಟು ವರ್ಷವಾದರೂ ಇಬ್ಬರೂ ತಂತಮ್ಮ ಕನ್ನಡವನ್ನು ಒಂದು ಕೂದಲಿನಷ್ಟೂ ಬಿಟ್ಟುಕೊಟ್ಟಿರಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಊರಿನ ಕನ್ನಡದ ಮಕ್ಕಳೆಲ್ಲ ಅವರ ಮನೆಯಲ್ಲೇ ಇರುತ್ತಿದ್ದುದರಿಂದ ಅದು ಯಾರ ಗಮನಕ್ಕೂ ಬರುತ್ತಿರಲಿಲ್ಲ.

ಅಂಕಲ್ ನ್ಯೂಜಿಲೆಂಡಿಗೆ ಬರುವ ಮುಂಚೆ ಸ್ವಲ್ಪ ಕಾಲ ಇಂಗ್ಲೆಂಡಿನಲ್ಲಿದ್ದರು. ಅಲ್ಲಿನ ಯಾವುದೋ ಪುಟ್ಟ ಊರಿನ ಹಳೆ ಸಾಮಾನಿನ ಅಂಗಡಿಯಲ್ಲಿ ಒಂದು ಸವೆದ ರೋಮನ್ ನಾಣ್ಯ ಕೊಂಡಿದ್ದರು. ಅದನ್ನು ಇಡುತ್ತಿದ್ದುದು ಆಂಟಿಯ ಕುಂಕುಮದ ಭರಣಿಯಲ್ಲಿ. ಬಂದವರಿಗೆ ಊಟವಾದ ಮೇಲೆ ಎಲೆ ಅಡಿಕೆ ಬದಲು ನಾಣ್ಯ ಬರುತ್ತಿತ್ತು. ಅದರ ಮೇಲೆ ದಪ್ಪ ಕುತ್ತಿಗೆಯ, ಗಡ್ಡದ ಗಂಡಸಿನ ತಲೆ. ಹಿಂದೆ ಕೈಯಲ್ಲಿ ಆಲಿವ್ ಕೊಂಬೆ ಹಿಡಿದು ನಿಂತ ಹೆಂಗಸು, ಶಾಂತಿ. ಬೆಳಕಿಗೆ ಓರೆಯಾಗಿ ಹಿಡಿದರೆ ಗಡ್ಡದವನ ಕಿವಿಯ ಹತ್ತಿರ ಇನ್ನೊಂದು ಮೂಗು ಕಾಣುತ್ತಿತ್ತು. ಹಳೆಯ ದೊರೆಯ ನಾಣ್ಯವನ್ನೇ ತೆಗೆದುಕೊಂಡು ಅದರ ಮೇಲೆ ತನ್ನ ಮುಖ ಅಚ್ಚೊತ್ತಿಸಿದ್ದ ಈತ. ಕೆಳಗಿನವನು ಪೂರ್ತಿ ಅಳಿಸಿಹೋಗಿರಲಿಲ್ಲ.

ಈತನ ಹೆಸರು ಕರೌಸಿಯಸ್. ಸರೋಜ ಆಂಟಿಯ ಬಾಯಲ್ಲಿ ಅವನು ಕರಿಸಿದ್ದ. ರೋಮಿನ ಹಡಗುಪಡೆಯ ನಾಯಕ, ಕಡಲ್ಗಳ್ಳರನ್ನು ಹಿಡಿಯಲು ನೇಮಿಸಿದವನು. ಕಳ್ಳರು ದೋಚಿದ ಮೇಲೆ ಅವರನ್ನು ಹಿಡಿದು ಆ ಮಾಲನ್ನು ತಾನೇ ಇಟ್ಟುಕೊಳ್ಳುತ್ತಾನೆ ಎಂಬ ದೂರು ಹೋಯಿತು. ತಲೆ ತೆಗೆಯಿರಿ ಎಂದು ಆಜ್ಞೆಯಾಯಿತು. ಸುದ್ದಿ ತಿಳಿದವನೇ ಹಡಗುಗಳ ಸಮೇತ ಬ್ರಿಟನ್ನಿಗೆ ದಾಟಿ, ನಾನೇ ಇಲ್ಲಿಯ ಸಮ್ರಾಟ ಎಂದು ಕೂತುಬಿಟ್ಟ. ಆಗ ರೋಮ್ ರಾಜ್ಯಕ್ಕೆ ಇಬ್ಬರು ಸಮ್ರಾಟರಿದ್ದರಂತೆ, ಇವನು ಕರೆಯದೆ ಬಂದ ಮೂರನೆಯವನು.

“ನೋಡಮ್ಮ, ರೇಡಿಯೋ ಇಲ್ಲ, ಪೇಪರ್ ಇಲ್ಲ,” ಎನ್ನುತ್ತಿದ್ದರು ಅಂಕಲ್. “ಆದ್ರೆ ದುಡ್ಡು ಮುಟ್ಟದೇ ಇರೋ ಮನುಷ್ಯ ಇದಾನಾ? ಅದಕ್ಕೇ ಇವನು ಹೇಳಬೇಕಾದ್ದನ್ನೆಲ್ಲ ದುಡ್ಡಿನ ಮೇಲೇ ಹೇಳಿದ.”

ಏನೇನು ಹೇಳಿದ ಎಂಬುದನ್ನು ಅವರು ಪುಸ್ತಕದ ಚಿತ್ರ ತೋರಿಸಿ ವಿವರಿಸುತ್ತಿದ್ದರು. ರೋಮಿನ ಸಮ್ರಾಟರು ಒಳ್ಳೆಯ ಬೆಳ್ಳಿ ನಾಣ್ಯ ಹಾಕುವುದನ್ನೇ ಬಿಟ್ಟಿದ್ದಾಗ ಇವನು ಅಪ್ಪಟ ಬೆಳ್ಳಿಯ ನಾಣ್ಯ ಹೊರಡಿಸಿದ. ರೋಮಿನ ಹೆಣ್ಣುತೋಳ ಅವಳಿ ಮಕ್ಕಳಿಗೆ ಹಾಲೂಡುವ ಚಿತ್ರ ಹಾಕಿಸಿ, ನಿಜವಾದ ರೋಮ್ ಇರುವುದು ನನ್ನ ಕಡೆ ಎಂದ. ಇನ್ನೊಂದರಲ್ಲಿ ಬ್ರಿಟನ್ ದೇಶವೇ ಹೆಂಗಸಾಗಿ ಬಂದು ಅವನ ಕೈ ಹಿಡಿಯುತ್ತಾಳೆ, ಬಹಳ ದಿನದಿಂದ ಕಾದಿದ್ದೆವು, ಬಾ ಎನ್ನುತ್ತಾಳೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮೂರು ತಲೆಗಳ ನಾಣ್ಯ. ತನ್ನ ತಲೆಯ ಜೊತೆಗೆ, ತನ್ನ ತಲೆ ತೆಗೆಯಲು ಹೊರಟಿದ್ದ ಸಮ್ರಾಟರ ತಲೆಗಳನ್ನೂ ಸಾಲಾಗಿ ಅಚ್ಚು ಹಾಕಿಸಿ ಸುತ್ತ ಬರೆಸಿದ್ದ: ಕರೌಸಿಯಸ್ ಮತ್ತು ಅವನ ಸಹೋದರರು.

ಅವರೇನು ಮಾಡಿದರು ಎಂದು ನಾನು ಕೇಳಿದ್ದೆ. ಏನೂ ಮಾಡಲಿಲ್ಲ, ಅವರ ಯಾವ ನಾಣ್ಯದಲ್ಲೂ ಇವನ ಮುಖ ಬರಲಿಲ್ಲ ಎಂದಿದ್ದರು ಅಂಕಲ್. ಅವರ ಕಥೆ ಯಾವಾಗಲೂ ಅಲ್ಲಿಗೇ ನಿಲ್ಲುತ್ತಿತ್ತು. ಆಂಟಿ ಬಂದು ನಾಣ್ಯವನ್ನು ಒರೆಸಿ ಭರಣಿಗೆ ಹಾಕುತ್ತಿದ್ದರು.

ಇಷ್ಟು ಹೊತ್ತು ಹೇಳದೆ ಉಳಿಸಿಕೊಂಡ ಒಂದು ವಿಷಯವಿದೆ. ಆ ಊರಿನ ಕನ್ನಡ ಸಂಘದ ಅಧ್ಯಕ್ಷರು ವಸಂತ ಅಂಕಲ್. ಅವರು ಸರೋಜ ಆಂಟಿಯ ಒಡಹುಟ್ಟಿದ ಅಣ್ಣ. ತಂಗಿಯನ್ನೂ ತಂಗಿಯ ಗಂಡನನ್ನೂ ಈ ದೇಶಕ್ಕೆ ಬರುವಂತೆ ಮಾಡಿದವರೂ ಅವರೇ. ನದಿಯಾಚೆ, ಗುಡ್ಡದ ಮೇಲಿನ ಕಡಿದಾದ ಬೀದಿಯಲ್ಲಿ ಒಬ್ಬರೇ ಇದ್ದರು, ಹೆಂಡತಿ ತೀರಿಕೊಂಡಿದ್ದರು. ಎತ್ತರದ ಆಳು, ಗರಿಗರಿ ಅಂಗಿ, ಮಾತಿಗೆ ನಿಂತರೆ ಗಡಿಯಾರವೇ ಬೇಸರಪಟ್ಟುಕೊಳ್ಳಬೇಕು. ಸಂಘವನ್ನು ನಾಲ್ಕು ಮನೆಗಳಿಂದ ಶುರುಮಾಡಿ ಬೆಳೆಸಿದವರು ಅವರು. ಹಾಗಾಗಿ ಅದು ತಮ್ಮ ಮನೆಯ ವಿಸ್ತರಣೆ ಎಂಬ ಭಾವನೆ ಅವರಿಗಿತ್ತು. ಅದರಲ್ಲಿ ತಪ್ಪೇನಿತ್ತು ಎಂದು ಈಗ ಅನ್ನಿಸುತ್ತದೆ, ಆಗ ಅನ್ನಿಸುತ್ತಿರಲಿಲ್ಲ.

ಆ ವರ್ಷದ ರಾಜ್ಯೋತ್ಸವಕ್ಕೆ ನಂಜುಂಡ ಅಂಕಲ್ ಮಕ್ಕಳಿಂದ ನಾಟಕ ಮಾಡಿಸಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಗಾದೆಯನ್ನೇ ಹಿಗ್ಗಿಸಿ ಅವರೇ ಬರೆದ ನಾಟಕ. ಕನ್ನಡ ಕೇಳಿದರೆ ಅರ್ಥವಾಗುವ, ಆಡಲು ಮಾತ್ರ ಬಾಯಿ ಬರದ ಮಕ್ಕಳು ಅವು. ಚಳಿಗಾಲ ಪೂರ್ತಿ ಶನಿವಾರ ಶನಿವಾರ ಅವರ ಗ್ಯಾರೇಜಿನಲ್ಲಿ ಹೀಟರಿಟ್ಟುಕೊಂಡು, ಒಂದೊಂದು ‘ಳ’ಕಾರವನ್ನೂ ಮಕ್ಕಳ ನಾಲಗೆಯ ಮೇಲೆ ಇಟ್ಟಿದ್ದರು. ನಾನು ಪರದೆ, ಮೀಸೆ, ಕುಂಬಳಕಾಯಿಗಳ ಇಲಾಖೆ ನೋಡಿಕೊಂಡಿದ್ದೆ.

ಅವತ್ತು ವಸಂತ ಅಂಕಲ್ ಅವರ ಸ್ವಾಗತ ಭಾಷಣ ಉದ್ದವಾಯಿತು. ಮುಖ್ಯ ಅತಿಥಿಗಳ ಭಾಷಣ ಮುಗಿಯುವಷ್ಟರಲ್ಲಿ ಸಭಾಂಗಣ ಬಿಟ್ಟುಕೊಡುವ ಹೊತ್ತು ಹತ್ತಿರವಾಗಿತ್ತು. ನಾಟಕ ಶುರುವಾಗಿ, ಊರಿನ ಗೌಡನ ವೇಷದ ಹುಡುಗಿ ಕಳ್ಳನನ್ನು ಹಿಡಿಯಲು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದ್ದಳು. ಆಗ ಅಧ್ಯಕ್ಷರ ಸನ್ನೆಯ ಮೇಲೆ ಪರದೆ ಬಿತ್ತು. ವಂದನಾರ್ಪಣೆ ಶುರುವಾಯಿತು. ಕುಂಬಳಕಾಯಿ ಕದ್ದವನು ಯಾರೆಂಬುದು ಆ ಊರಿನ ಕನ್ನಡಿಗರಿಗೆ ತಿಳಿಯದೇ ಹೋಯಿತು. ಪರದೆಯ ಹಿಂದೆ ಮಕ್ಕಳು ಹಾಗೇ ಸಾಲಾಗಿ ನಿಂತಿದ್ದವು. ಒಂದೆರಡು ಅಳುತ್ತಿದ್ದವು. ಉಳಿದವು ತಮ್ಮಿಂದ ಏನು ತಪ್ಪಾಯಿತು ಎಂದು ಅಂಕಲ್ ಮುಖ ನೋಡುತ್ತಿದ್ದವು.

ನಂಜುಂಡ ಅಂಕಲ್ ಕೂಗಾಡಲಿಲ್ಲ. ಮಕ್ಕಳ ಮೀಸೆಗಳನ್ನು ಒಂದೊಂದಾಗಿ ಮೆಲ್ಲಗೆ ಕಿತ್ತು ಪೊಟ್ಟಣ ಕಟ್ಟಿಕೊಂಡು ಮನೆಗೆ ಬಂದರು. ಮುಂದಿನ ಯುಗಾದಿಯ ಹೊತ್ತಿಗೆ ಹೊಳೆದಂಡೆ ಬಳಗ ಹುಟ್ಟಿತು. ಮಕ್ಕಳ ಅಪ್ಪ ಅಮ್ಮಂದಿರು, ನಾವು, ಸಂಘದ ಉಪ್ಪಿಟ್ಟಿನ ಮೇಲೆ ಅಸಮಾಧಾನವಿದ್ದ ಇನ್ನೂ ಕೆಲವರು ಸೇರಿದೆವು. ಬೇರೆ ಯಾರೂ ಒಪ್ಪದ್ದರಿಂದ ಸರೋಜ ಆಂಟಿಯೇ ಖಜಾಂಚಿ.

ಒಂದು ಸಂಜೆ ಅಂಕಲ್ ನನ್ನನ್ನು ಕರೆಸಿ, ಬಳಗಕ್ಕೆ ಒಂದು ನಾಣ್ಯ ಬರೆದುಕೊಡು ಎಂದರು. ಸೇರಿದ ಪ್ರತಿ ಮನೆಗೂ ಒಂದು, ಸೇರದವರಿಗೂ ಒಂದು. ಸುತ್ತೋಲೆ ಕಳಿಸಿದರೆ ಕಸದ ಬುಟ್ಟಿಗೆ ಹೋಗುತ್ತದೆ, ನಾಣ್ಯವನ್ನು ಯಾರೂ ಎಸೆಯುವುದಿಲ್ಲ ಎಂಬುದು ಅವರು ಕರೌಸಿಯಸ್‌ನಿಂದ ಕಲಿತ ಪಾಠ. ಒಂದು ಕಡೆ ಹೊಳೆ, ಇನ್ನೊಂದು ಕಡೆ ದೀಪ ಇರಲಿ, ನನ್ನ ಮುಖಗಿಖ ಬೇಡ ಎಂದು ಖಡಾಖಂಡಿತವಾಗಿ ಹೇಳಿದರು. ನಾನು ಮನೆ ಮುಟ್ಟುವಷ್ಟರಲ್ಲಿ ಫೋನು: ಮುಖ ಇದ್ದರೂ ತಪ್ಪೇನಿಲ್ಲ, ಜನಕ್ಕೆ ಗುರುತು ಸಿಗುತ್ತೆ ಅಲ್ಲವಾ.

ಬರೆದೆ. ನಾನು ಶಾಲೆಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದುದು ಮಾವಿನಹಣ್ಣು, ಗುಡಿಸಲು, ಸೂರ್ಯೋದಯ. ಮನುಷ್ಯರ ಪಕ್ಕಮುಖ ನನ್ನ ಪಠ್ಯದಲ್ಲಿರಲಿಲ್ಲ. ಸರೋಜ ಆಂಟಿ ಚಿತ್ರವನ್ನು ದೂರ ಹಿಡಿದು ನೋಡಿ, “ಕುತ್ತಿಗಿ ಖರೇ ಅವರದ ಅದ. ಮ್ಯಾಲಿಂದು ಯಾರದು?” ಎಂದರು. ಕೈಗಾರಿಕೆಗಳ ಬೀದಿಯಲ್ಲಿ ನೆಟ್‌ಬಾಲ್, ರಗ್ಬಿ ಪಂದ್ಯಗಳಿಗೆ ಪದಕ ಮಾಡುವ ಒಬ್ಬ ನ್ಯೂಜಿಲೆಂಡಿಗ ಅಚ್ಚು ಹಾಕಿಕೊಟ್ಟ. ಅವನಿಗೆ ಅಭ್ಯಾಸ ಬಲ. ಎಲ್ಲ ನಾಣ್ಯಗಳಿಗೂ ಮೇಲೆ ರಿಬ್ಬನ್ ಪೋಣಿಸುವ ಬಳೆ ಇಟ್ಟುಬಿಟ್ಟಿದ್ದ. ಹಾಗಾಗಿ ಊರಿನ ಪುಟ್ಟ ಮಕ್ಕಳೆಲ್ಲ ನಂಜುಂಡ ಅಂಕಲ್ಲನ್ನು ಕೊರಳಿಗೆ ಕಟ್ಟಿಕೊಂಡು ಓಡಾಡಿದವು.

ಅದು ಕೆಲಸವನ್ನಂತೂ ಮಾಡಿತು. ಯುಗಾದಿಗೆ ಸಂಘದವರೂ ಕದ್ದುಮುಚ್ಚಿ ಬಂದರು. ನನ್ನ ಗಂಡ ಎರಡೂ ಕಡೆ ಸದಸ್ಯ; ಸಂಘಕ್ಕೆ ಹೋಗುವಾಗ ನಮ್ಮ ಮನೆಯ ನಾಣ್ಯವನ್ನು ಶೋಕೇಸಿನಲ್ಲಿ ಮಗುಚಿಟ್ಟು ಹೋಗುತ್ತಿದ್ದರು, ಯಾರೋ ಮನೆಗೇ ಬಂದು ಪರೀಕ್ಷಿಸುತ್ತಾರೆಂಬಂತೆ. ಅಷ್ಟು ಚಿಕ್ಕ ಊರಿನಲ್ಲಿ, ಅಷ್ಟು ಕಡಿಮೆ ಕನ್ನಡಿಗರಲ್ಲಿ ಎರಡು ಸಾಮ್ರಾಜ್ಯಗಳು. ಇಂಡಿಯನ್ ಅಂಗಡಿಯಲ್ಲಿ ತೊಗರಿಬೇಳೆ ಚೀಲದ ಮುಂದೆ ಎದುರಾದರೆ ಜನ ಒಬ್ಬರಿಗೊಬ್ಬರು ಬೇಳೆಯ ಗುಣಮಟ್ಟದ ಬಗ್ಗೆ ಮಾತ್ರ ಮಾತಾಡುತ್ತಿದ್ದರು.

ಮರುವರ್ಷ ಅಂಕಲ್ ಇನ್ನೊಂದು ನಾಣ್ಯ ಬರೆಸಿದರು. ಈ ಸಲ ಎರಡು ತಲೆ, ಅವರದು ಮತ್ತು ವಸಂತ ಅಂಕಲ್ಲರದು. ಸುತ್ತ ‘ಅಣ್ಣತಮ್ಮಂದಿರು’ ಎಂಬ ಅಕ್ಷರ. ಇದು ರಾಜಕೀಯವೋ ಪ್ರೀತಿಯೋ ಎಂದು ನನಗೆ ತಿಳಿಯಲಿಲ್ಲ. ವಸಂತ ಅಂಕಲ್ ಮಾತ್ರ ಅದನ್ನು ರಾಜಕೀಯವೆಂದೇ ತೆಗೆದುಕೊಂಡರು. ತಮ್ಮನ್ನು ಕೇಳದೆ ತಮ್ಮ ಮುಖ ಅಚ್ಚು ಹಾಕಿಸಿದ್ದು ಯಾಕೆ, ನಾವು ಅಣ್ಣತಮ್ಮಂದಿರಾದದ್ದು ಯಾವಾಗ, ಕೊಟ್ಟು ತಂದ ಬೀಗರು ತಾನೆ ಎಂದು ಸಂಘದ ಸಭೆಯಲ್ಲಿ ಹೇಳಿದರಂತೆ. ಅಲ್ಲಿಂದ ಮುಂದೆ ಅವರು ತಂಗಿಯ ಮನೆಗೆ ಬರುವುದನ್ನೇ ನಿಲ್ಲಿಸಿದರು.

ಉತ್ತರ ಕರ್ನಾಟಕದವರಿಗೆ ನಾಗರ ಪಂಚಮಿ ಎಂದರೆ ಏನೆಂದು ಮೈಸೂರಿನವಳಾದ ನನಗೆ ಗೊತ್ತಿರಲಿಲ್ಲ. ನಮಗದು ಹುತ್ತಕ್ಕೆ ಹಾಲೆರೆದು ತಂಬಿಟ್ಟು ತಿನ್ನುವ ದಿನ. ಅವರಿಗೆ ಅದು ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಬಂದು ಕರೆದೊಯ್ಯಬೇಕು, ತವರಲ್ಲಿ ಉಂಡಿ ತಿಂದು ಜೋಕಾಲಿ ಆಡಬೇಕು. ಇಲ್ಲಿ ಪಂಚಮಿ ಬರುವುದು ನಡುಚಳಿಗಾಲದಲ್ಲಿ. ಆದರೂ ವಸಂತ ಅಂಕಲ್ ಪ್ರತಿ ವರ್ಷ ನದಿ ದಾಟಿ ಬಂದು, ಬಾಗಿಲಲ್ಲಿ ನಿಂತು, “ಕರೀಲಿಕ್ಕೆ ಬಂದೀನಿ” ಎಂದು ಹೇಳಿ ತಂಗಿಯನ್ನು ಕಾರಿನಲ್ಲಿ ಕೂಡಿಸಿಕೊಂಡು ಹೋಗುತ್ತಿದ್ದರಂತೆ. ದಾರಿಯಲ್ಲಿ ಮಕ್ಕಳ ಪಾರ್ಕಿನಲ್ಲಿ ನಿಲ್ಲಿಸಿದರೆ, ಹಿಮದ ಕಡೆಯಿಂದ ಬೀಸುವ ದಕ್ಷಿಣದ ಗಾಳಿಗೆ ಮೂಗು ಕೆಂಪಾಗುವವರೆಗೂ ಆಂಟಿ ಉಯ್ಯಾಲೆ ಆಡುತ್ತಿದ್ದರಂತೆ, ಸೀರೆಯ ಮೇಲೆ ದಿಂಬಿನಂತೆ ಉಬ್ಬಿದ ಪಫರ್ ಜಾಕೆಟ್ ತೊಟ್ಟು.

ಮುನಿಸಿನ ಮೊದಲ ವರ್ಷ ಅವರು ಬರಲಿಲ್ಲ. ಎರಡನೆಯ ವರ್ಷದ ಪಂಚಮಿಯ ದಿನ ನಾನು ಅವರ ಮನೆಯಲ್ಲಿದ್ದೆ. ಭಾನುವಾರ ಬಿದ್ದಿತ್ತು. ಅಂಕಲ್‌ಗೆ ಮೂರನೆಯ ನಾಣ್ಯ ಬೇಕಾಗಿತ್ತು. ಬಳಗ ಸ್ವಲ್ಪ ಸೊರಗಿತ್ತು, ಹೊಸಬರನ್ನು ಕರೆಯಬೇಕು, ಅದಕ್ಕೆ ಹೊಳೆಯೇ ಹೆಂಗಸಾಗಿ ಬಂದು ಜನರ ಕೈ ಹಿಡಿಯುವ ಚಿತ್ರ. ನಾನು ಕರಡು ಬರೆದು ತಂದಿದ್ದೆ. ಸರೋಜ ಆಂಟಿ ಬೆಳಗಿನಿಂದ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ ಡಬ್ಬಿ ತುಂಬಿಸಿ, ಇಳಕಲ್ ಸೀರೆ ಉಟ್ಟು, ನಡುನಡುವೆ ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತಿದ್ದರು. ಬೀದಿಯಲ್ಲಿ ಯಾವ ಕಾರು ನಿಧಾನವಾದರೂ ಅವರ ಕತ್ತು ಹೊರಳುತ್ತಿತ್ತು. ಅಂಕಲ್ ಅದನ್ನು ನೋಡದವರಂತೆ ಚಿತ್ರ ನೋಡುತ್ತಿದ್ದರು.

ಕಡೆಗೆ ಆಂಟಿ ಸೆರಗಿಗೆ ಕೈ ಒರೆಸುತ್ತಾ ಬಂದು, ಇದರಲ್ಲಿ ಏನು ಬರೆದಿದೆ ಎಂದು ಕೇಳಿದರು. ನಾನು ಓದಿದೆ: ಬಹಳ ದಿನದಿಂದ ಕಾದಿದ್ದೇವೆ, ಬನ್ನಿ.

“ಕಾಯೋದು ಅಂದ್ರ ಏನಂತ ಗೊತ್ತದ ಏನ್ರಿ ನಿಮಗ?” ಎಂದರು ಗಂಡನಿಗೆ. ದನಿ ಏರಿರಲಿಲ್ಲ. “ರೊಕ್ಕದ ಮ್ಯಾಲ ಬರಸೂದು ಸರಳ ಅದ. ನಾ ಮುಂಜಾನಿಂದ ಕಿಟಕಿ ಮುಂದ ನಿಂತೀನಿ.”

ಅಂಕಲ್ ಕರಡನ್ನು ಮಗುಚಿ ಮೇಜಿನ ಮೇಲಿಟ್ಟರು. ನಾನು ಪೆನ್ಸಿಲಿನ ತುದಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

“ಅಂವ ಕರೀಲಿಕ್ಕೆ ಬರಂಗಿಲ್ಲಂದ್ರ ನಾನ ಹೋಗ್ತೀನಿ,” ಎಂದರು ಆಂಟಿ.

ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಆ ಮನೆಗೆ ನಾನಾಗಿ ಕಾರು ಓಡಿಸಿಕೊಂಡು ಹೋಗುವುದಿಲ್ಲ ಎಂದು ಅಂಕಲ್ ಹೇಳಿದರು. ಆಗ ಆಂಟಿ ನನ್ನ ಕಡೆ ತಿರುಗಿದರು. ನನ್ನ ಹತ್ತಿರ ಆಗತಾನೇ ಬಂದ ರಿಸ್ಟ್ರಿಕ್ಟೆಡ್ ಲೈಸೆನ್ಸ್ ಇತ್ತು, ಅರ್ಧ ಲೈಸೆನ್ಸ್ ಅನ್ನಿ. ಅದರಲ್ಲಿ ಒಬ್ಬಳೇ ಓಡಿಸಬಹುದು. ಬೇರೆಯವರನ್ನು ಕೂಡಿಸಿಕೊಳ್ಳಬೇಕಾದರೆ ಪೂರ್ಣ ಲೈಸೆನ್ಸಿನ ಅನುಭವಸ್ಥರೊಬ್ಬರು ಪಕ್ಕದ ಸೀಟಿನಲ್ಲಿ ಇರಲೇಬೇಕು. ನಾನು ಈ ಕಾನೂನನ್ನು ಸಂಕೋಚದಿಂದ ವಿವರಿಸಿದೆ, ತಪ್ಪಿಸಿಕೊಳ್ಳುವ ಆಸೆಯೂ ಇತ್ತು.

ಆಂಟಿ ಸ್ವಲ್ಪ ಯೋಚಿಸಿ ಗಂಡನಿಗೆ ಹೇಳಿದರು, “ನೀವು ಓಡಸಬ್ಯಾಡ್ರಿ. ಈಕಿ ಓಡಸ್ತಾಳ. ನೀವು ಕಾಯ್ದೆ ಪ್ರಕಾರ ಬಾಜೂಕ ಕೂಡ್ರಿ.”

ಕಾನೂನು ಎಂದರೆ ಅಂಕಲ್‌ಗೆ ದೇವರ ಸಮಾನ. ಎದ್ದು ಸ್ವೆಟರ್ ಹಾಕಿಕೊಂಡರು.

ಆ ಪ್ರಯಾಣವನ್ನು ನಾನು ಪೂರ್ತಿ ವರ್ಣಿಸಲಾರೆ. ಅಂಕಲ್‌ರದು ಗೇರು ಬದಲಿಸುವ ಹಳೆಯ ಕಾರು, ವಸಂತ ಅಂಕಲ್‌ರ ಬೀದಿ ಗೋಡೆಯ ಹಾಗೆ ಎದ್ದು ನಿಂತ ಬೀದಿ. ಅರ್ಧ ಏರಿದಾಗ ಎದುರಿಗೆ ಹಿಂದೆ ಸಾಮಾನು ತುಂಬುವ ಯೂಟ್ ಗಾಡಿಯೊಂದು ಇಳಿದು ಬಂದು, ನಾನು ನಿಲ್ಲಿಸಿ, ಮತ್ತೆ ಹೊರಡುವಾಗ ಕಾರು ಹಿಂದಕ್ಕೆ ಜಾರತೊಡಗಿತು. ಹಿಂದಿನ ಸೀಟಿನಲ್ಲಿ ಆಂಟಿ ಉಂಡಿ ಡಬ್ಬಿಯನ್ನು ಕೂಸಿನಂತೆ ಅಪ್ಪಿಕೊಂಡು ರಾಯರನ್ನು ನೆನೆಯುತ್ತಿದ್ದರು. ಅಂಕಲ್ ಮಾತ್ರ, ಮಕ್ಕಳಿಗೆ ‘ಳ’ಕಾರ ಹೇಳಿಕೊಡುತ್ತಿದ್ದ ಅದೇ ದನಿಯಲ್ಲಿ, ಕ್ಲಚ್ಚನ್ನು ಹೇಗೆ ಸ್ವಲ್ಪ ಸ್ವಲ್ಪವೇ ಬಿಡಬೇಕೆಂದು ಹೇಳುತ್ತಾ ಹೋದರು. ಅವರ ಮುಖ ಬಿಳಿಚಿತ್ತು, ದನಿ ಮಾತ್ರ ಬದಲಾಗಿರಲಿಲ್ಲ. ಹೀಗೆ ಒಬ್ಬ ಸಮ್ರಾಟ ತನಗೆ ಇಷ್ಟವಿಲ್ಲದ ಮನೆಗೆ ತಾನೇ ಹಾದಿ ಹೇಳಿಕೊಂಡು ಹೋದ.

ಮನೆ ಮುಂದೆ ನಿಲ್ಲಿಸಿದೆ. ಆಂಟಿ ಇಳಿದು ಬಾಗಿಲು ತಟ್ಟಿದರು, ಬಾಗಿಲು ತೆರೆಯಿತು, ಒಳಗೆ ಹೋದರು. ಅಂಕಲ್ ಸೀಟು ಬಿಟ್ಟು ಅಲುಗಲಿಲ್ಲ. ಅವರೊಬ್ಬರನ್ನೇ ಬಿಟ್ಟು ಹೋಗುವುದು ಸರಿಯಲ್ಲವೆಂದು ನಾನೂ ಕೂತೆ. ಕೆಳಗೆ ಕಣಿವೆ, ಬೆಳ್ಳಗೆ ಹೊಳೆ, ದೂರದಲ್ಲಿ ಸಮುದ್ರ. ಗಾಳಿ ಕಾರನ್ನು ತೊಟ್ಟಿಲಿನಂತೆ ತೂಗುತ್ತಿತ್ತು.

ಸುಮಾರು ಹೊತ್ತಾದ ಮೇಲೆ ವಸಂತ ಅಂಕಲ್ ಚಪ್ಪಲಿ ಮೆಟ್ಟಿಕೊಂಡು, ಶಾಲು ಹೊದ್ದು ಬಂದರು. ಕಿಟಕಿ ತಟ್ಟಿದರು. ಅಂಕಲ್ ಗಾಜು ಇಳಿಸಿದರು.

“ಥಂಡಿ ಅದ. ಒಳಗ ಬರ್ರಿ,” ಎಂದರು ವಸಂತ ಅಂಕಲ್.

“ನಾನು ಬಂದಿರೋದು ಈ ಹುಡುಗಿ ಲೈಸೆನ್ಸಿಗೋಸ್ಕರ,” ಎಂದರು ನಂಜುಂಡ ಅಂಕಲ್.

ವಸಂತ ಅಂಕಲ್ ಅದನ್ನು ಒಂದು ಕ್ಷಣ ಪರಿಶೀಲಿಸಿದರು. ಆಮೇಲೆ ಹಿಂದಿನ ಬಾಗಿಲು ತೆಗೆದು ಕಾರೊಳಗೆ ಬಂದು ಕೂತರು. ಮೂವರೂ ಎದುರಿನ ಗಾಜಿನತ್ತ ನೋಡುತ್ತಿದ್ದೆವು. ಉಸಿರಿಗೆ ಗಾಜು ಮಂಜಾಗಿ ಕಣಿವೆ ಕಾಣದಾಯಿತು.

“ಆ ನಾಣ್ಯದಾಗ ನನ್ನ ಮೂಗು ಭಾಳ ದೊಡ್ಡದ ಆಗೇದ,” ಎಂದರು ವಸಂತ ಅಂಕಲ್.

“ಅದನ್ನ ಬರೆದಿದ್ದು ಇವಳು,” ಎಂದರು ನಂಜುಂಡ ಅಂಕಲ್, ಒಂದು ಚೂರೂ ತಡಮಾಡದೆ. “ನನ್ನ ಕುತ್ತಿಗೆ ನೋಡಿದೀರಾ?”

ಎರಡು ಸಾಮ್ರಾಜ್ಯಗಳ ನಡುವೆ ಮೊದಲ ಒಪ್ಪಂದ ಆದದ್ದು ಹೀಗೆ, ನನ್ನ ಚಿತ್ರಕಲೆಯ ವಿಷಯದಲ್ಲಿ. ನನಗೆ ಬೇಸರವಾಗಲಿಲ್ಲ. ಕಾರಿನ ಹೀಟರ್ ಹಾಕಿದೆ.

ನಂಜುಂಡ ಅಂಕಲ್ ಗಾಜಿಗೇ ಹೇಳಿದಂತೆ ಹೇಳಿದರು, “ಭಾವ, ಮಕ್ಕಳು ಸಾಲಾಗಿ ನಿಂತಿದ್ರು. ಪರದೆ ಹಿಂದೆ ಅವರ ಮುಖ ನೀವು ನೋಡಲಿಲ್ಲ. ನಾನು ನೋಡ್ದೆ.”

ಹಿಂದಿನ ಸೀಟಿನಲ್ಲಿ ವಸಂತ ಅಂಕಲ್ ಶಾಲನ್ನು ಎಳೆದುಕೊಂಡರು. ಆಮೇಲೆ, “ನೋಡ್ಲಿಲ್ಲ. ಖರೇ,” ಎಂಬ ಮಾತು ಬಂತು. “ನಾ ಗಡಿಯಾರ ನೋಡ್ಲಿಕ್ಕತ್ತಿದ್ದೆ.”

ಆ ಮನುಷ್ಯ ಅಷ್ಟು ಚಿಕ್ಕದಾಗಿ ಮಾತಾಡಿದ್ದನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ. ಅಣ್ಣತಮ್ಮಂದಿರು ಅಂತ ಯಾಕೆ ಬರೆಸಿದಿರಿ ಎಂದು ಅವರು ಕೇಳಿದರು. ಬಳಗ ನಿಮ್ಮ ಸಂಘಕ್ಕೆ ಸಮ ಅಂತ ತೋರಿಸೋಕೆ ಎಂದು ನಂಜುಂಡ ಅಂಕಲ್ ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಕನ್ನಡಕ ತೆಗೆದು ಸ್ವೆಟರಿಗೆ ಒರೆಸಿ ಮತ್ತೆ ಹಾಕಿಕೊಂಡರು. “ಅಷ್ಟೇ ಅಲ್ಲ,” ಎಂದರು. 

ಕಡೆಗೆ ವಸಂತ ಅಂಕಲ್, ಸರೋಜ ಉಂಡಿ ಡಬ್ಬಿಯ ಮುಚ್ಚಳ ತೆಗೆಯುತ್ತಿಲ್ಲ, ನೀವು ಒಳಗೆ ಬರುವ ತನಕ ತೆಗೆಯುವುದಿಲ್ಲವಂತೆ, ನನಗೆ ಹಸಿವಾಗುತ್ತಿದೆ ಎಂದರು. ಇಬ್ಬರೂ ಇಳಿದರು. ಮೆಟ್ಟಿಲು ಹತ್ತುವಾಗ ವಸಂತ ಅಂಕಲ್ ತಮ್ಮ ಶಾಲಿನ ಒಂದು ತುದಿಯನ್ನು ಗಾಳಿಗೆ ಅಡ್ಡವಾಗಿ ಹಿಡಿದದ್ದು ನೆನಪಿದೆ. ಅದು ತಮಗೋ ತಂಗಿಯ ಗಂಡನಿಗೋ ಗೊತ್ತಾಗಲಿಲ್ಲ.

ಬಳಗವನ್ನು ಯಾರೂ ವಿಸರ್ಜಿಸಲಿಲ್ಲ. ಮಳೆಗಾಲ ಮುಗಿದ ಹಾಗೆ ಅದು ತಾನಾಗಿ ಮುಗಿಯಿತು. ಆ ವರ್ಷದ ರಾಜ್ಯೋತ್ಸವದಲ್ಲಿ ಸಂಘದ ವೇದಿಕೆಯ ಮೇಲೆ ಕುಂಬಳಕಾಯಿ ನಾಟಕ ಮೊದಲಿನಿಂದ ಕೊನೆಯವರೆಗೆ ನಡೆಯಿತು, ಎಲ್ಲ ಭಾಷಣಗಳಿಗಿಂತ ಮುಂಚೆ. ಮಕ್ಕಳು ಅಷ್ಟರಲ್ಲಿ ಉದ್ದವಾಗಿ ವೇಷಗಳು ಮೊಣಕಾಲಿಗೆ ಬಂದಿದ್ದವು. ಕಳ್ಳ ಹೆಗಲು ಮುಟ್ಟಿ ನೋಡಿಕೊಂಡಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅಧ್ಯಕ್ಷರು.

ಅದಾದ ಮೇಲೆ ಒಂದು ದಿನ ನಂಜುಂಡ ಅಂಕಲ್ ನನಗೆ ಕರೌಸಿಯಸ್‌ನ ಕಥೆಯ ಕೊನೆ ಹೇಳಿದರು. ಅವನನ್ನು ರೋಮಿನವರು ಸೋಲಿಸಲಿಲ್ಲವಂತೆ. ಅವನ ಖಜಾಂಚಿಯೇ ಮುಗಿಸಿದನಂತೆ. ಹಾಗೆ ಹೇಳಿ ಅಡುಗೆಮನೆಯ ಕಡೆ ಕಣ್ಣು ಮಾಡಿ ನಕ್ಕರು. ಒಳಗೆ ನಮ್ಮ ಖಜಾಂಚಿ ಒಗ್ಗರಣೆ ಹಾಕುತ್ತಿದ್ದರು.

ನಾವು ಆಮೇಲೆ ಆಕ್ಲೆಂಡಿನ ಮನುಕಾವ್‌ನಲ್ಲಿ ಕೆಲಸ ಸಿಕ್ಕಿ ಇಲ್ಲಿಗೆ ಬಂದೆವು. ಮಗಳು ಇಲ್ಲೇ ಹುಟ್ಟಿ ಬೆಳೆದಳು. ಹಬ್ಬಕ್ಕೊಮ್ಮೆ ಇದ್ದ ಫೋನು ವರ್ಷಕ್ಕೊಮ್ಮೆಯಾಯಿತು. ನಿಮಗೂ ಇಂಥ ಫೋನುಗಳಿರಬೇಕು, ಮಾಡದೆ ಉಳಿದಷ್ಟೂ ಮಾಡಲು ಕಷ್ಟವಾಗುವಂಥವು. ಮೊನ್ನೆ ಹಾಲನ್ನು ಫ್ರಿಜ್ಜಿನಲ್ಲಿಟ್ಟವಳೇ ಹೊಸ ರಾಜನ ನೆಪ ಮಾಡಿಕೊಂಡು ಲೋವರ್ ಹಟ್‌ಗೆ ಫೋನು ಮಾಡಿದೆ. ಎತ್ತಿಕೊಂಡವರು ಸರೋಜ ಆಂಟಿ.

ನಂಜುಂಡ ಅಂಕಲ್ ಮನೆಯಲ್ಲಿಲ್ಲವಂತೆ. ಅವರೀಗ ಸಂಘದ ಅಧ್ಯಕ್ಷರು, ಆಗಿ ಕೆಲವು ವರ್ಷಗಳೇ ಆದವಂತೆ. ಸಂಘದ ಹುಡುಗ ಹುಡುಗಿಯರು ಮಾತ್ರ ಇತ್ತೀಚೆಗೆ ಸಿಟ್ಟು ಮಾಡಿಕೊಂಡು ಬೇರೆಯಾಗಿ ತಮ್ಮದೇ ಒಂದು ಗುಂಪು ಕಟ್ಟಿಕೊಂಡಿದ್ದಾರೆ. ಕಾರಣವೇನೆಂದು ಕೇಳಿದೆ. ಆಂಟಿ ನಗು ತಡೆದುಕೊಂಡು, “ಅಧ್ಯಕ್ಷರ ಭಾಷಣ ಉದ್ದ ಆತಂತ,” ಎಂದರು. ಹುಡುಗರ ಕಾರ್ಯಕ್ರಮವೆಲ್ಲ ಇಂಗ್ಲಿಷಿನಲ್ಲೇ; ನಡುವೆ ಒಂದೆರಡು ಕನ್ನಡದ ಹಾಡು. ತಮ್ಮ ಗುಂಪಿನ ಹೆಸರು ಹಾಕಿ ಟೀಶರ್ಟು ಮಾಡಿಸಿ ಎಲ್ಲ ಮನೆಗಳಿಗೂ ಹಂಚಿದ್ದಾರೆ, ಅಧ್ಯಕ್ಷರ ಮನೆಗೂ ಒಂದು ಕಳಿಸಿದ್ದಾರೆ. ಅವತ್ತೇ ಅವರ ಮೊದಲ ಕಾರ್ಯಕ್ರಮವಂತೆ.

ಹಾಗಾದರೆ ಅಂಕಲ್‌ಗೆ ಬಹಳ ಬೇಜಾರಾಗಿರಬೇಕು ಎಂದೆ.

“ಎದರ ಬ್ಯಾಸರ? ಅಲ್ಲೇ ಹೋಗ್ಯಾರ. ಅಣ್ಣನ್ನೂ ಕರಕೊಂಡು ಹೋಗ್ಯಾರ,” ಎಂದರು ಆಂಟಿ. “ಆ ಟೀಶರ್ಟ್ ಸಣ್ಣದ ಆಗೇದ, ಕುತ್ತಿಗಿ ಒಳಗ ಹೋಗಂಗಿಲ್ಲ. ಕತ್ರಿ ಹಿಡದು ಕೊಳ್ಳಾಗಿಂದು ಕತ್ತರಿಸಿ ಸ್ವೆಟರ್ ಮ್ಯಾಲ ಹಾಕ್ಕೊಂಡು ಹೋದ್ರು. ಅದರ ಮ್ಯಾಲ ಏನೋ ಇಂಗ್ಲಿಷ್‌ನಾಗ ಬರದಾರ. ಏನ್ ಬರದಾರ, ಓದಿ ಹೇಳ್ರಿ ಅಂದೆ. ‘ಓದೋದು ಯಾಕೆ, ಹಾಕ್ಕೊಂಡ್ರೆ ಸಾಕು’ ಅಂದ್ರು.”

ಫೋನು ಇಟ್ಟ ಮೇಲೂ ನಾನು ಅಡುಗೆಮನೆಯಲ್ಲಿ ಒಬ್ಬಳೇ ನಗುತ್ತಾ ನಿಂತಿದ್ದೆ. ಕಣ್ಣಲ್ಲಿ ನೀರೂ ಬಂದಿತ್ತು, ಅದು ನಗುವಿನದೇ ಎಂದಿಟ್ಟುಕೊಳ್ಳಿ. ಮಗಳು ಕೋಣೆಯಿಂದ ಬಂದು, ಏನಾಯಿತು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಸಾಮಾನ್ಯವಾಗಿ ಇಂಥ ಹೊತ್ತಿನಲ್ಲಿ ನಾನು, ಕನ್ನಡದಲ್ಲಿ ಕೇಳು, ಆಮೇಲೆ ಹೇಳುತ್ತೇನೆ ಎನ್ನುತ್ತೇನೆ. ಅವಳು ಭುಜ ಕುಣಿಸಿ ಹೊರಟುಹೋಗುತ್ತಾಳೆ. ಅವತ್ತು ಹಾಗೆನ್ನಲಿಲ್ಲ. ಕುರ್ಚಿ ಎಳೆದು ಅವಳನ್ನು ಕೂಡಿಸಿ, ದಪ್ಪ ಕುತ್ತಿಗೆಯ ಹಡಗುನಾಯಕನಿಂದ ಶುರುಮಾಡಿದೆ. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ, ಅವಳು ಇಂಗ್ಲಿಷಿನಲ್ಲಿ ಕೇಳುತ್ತಾ ಹೋದಳು. ಆಮೇಲೇನಾಯಿತು, ಆಮೇಲೇನಾಯಿತು ಎಂದು ಅವಳು ಎಷ್ಟು ಸಲ ಕೇಳಿದಳೋ, ಕನ್ನಡದಲ್ಲಿ ಕೇಳು ಎಂದು ನಾನು ಒಮ್ಮೆಯೂ ತಿದ್ದಲಿಲ್ಲ.